ನಾಯಿಯನ್ನು ಕಟ್ಟಿಹಾಕುವುದಕ್ಕೂ ಒಂದು ಮಿತಿ ಇದೆ

ಕಳೆದ ಸಂಚಿಕೆಯಲ್ಲಿ ರೇಬೀಸ್ ಲಸಿಕೆ ಬಗ್ಗೆ ಬರೆದಿದ್ದೆ. ಆದರೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸರಪಳಿ ಬಗ್ಗೆ ಇದ್ದವು. ನಾಯಿಯನ್ನು ಕಟ್ಟಬೇಕಾ, ಬಿಡಬೇಕಾ, ಎಷ್ಟು ಹೊತ್ತು ಕಟ್ಟಬಹುದು, ಪಕ್ಕದ ಮನೆಯವರು ಕಟ್ಟಿಟ್ಟರೆ ನಾವೇನು ಮಾಡಬಹುದು, ಹೀಗೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಪಶುವೈದ್ಯನಾಗಿ ಕಂಡದ್ದನ್ನೂ ಕಾಯ್ದೆಯಲ್ಲಿ ಇರುವುದನ್ನೂ ಸೇರಿಸಿ ಹೇಳುತ್ತೇನೆ.

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರ ಒಂದು ಹಳ್ಳಿ. ಮನೆ ನಾಯಿಯನ್ನು ಅಂಗಳದ ಹಲಸಿನ ಮರಕ್ಕೆ ಕಟ್ಟಿರುತ್ತೇವೆ, ಹಗಲೂ ರಾತ್ರಿ. ಅಪ್ಪನ ಕಾಲದಿಂದಲೂ ಹೀಗೇ. ಮೊನ್ನೆ ಬೆಂಗಳೂರಿಂದ ಬಂದ ಅಳಿಯಂದಿರು "ಇದು ಕಾನೂನಿಗೆ ವಿರುದ್ಧ, ಕೇಸ್ ಆಗುತ್ತೆ" ಅಂದರು. ನಿಜವಾ ಡಾಕ್ಟ್ರೇ?

ಉತ್ತರ: ನಿಜ. ಹೊಸ ಕಾನೂನೇನೂ ಅಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 11ನೇ ಸೆಕ್ಷನ್‌ನಲ್ಲಿ ಯಾವುದನ್ನೆಲ್ಲ ಹಿಂಸೆ ಅನ್ನಬೇಕು ಅನ್ನೋ ಉದ್ದದ ಪಟ್ಟಿ ಇದೆ. ಅದರಲ್ಲಿ ಎರಡು ಅಂಶ ನಿಮಗೆ ನೇರವಾಗಿ ಅನ್ವಯಿಸುತ್ತವೆ. ಯಾವುದೇ ಪ್ರಾಣಿಯನ್ನು ತೀರಾ ಗಿಡ್ಡವಾದ ಅಥವಾ ತೀರಾ ಭಾರದ ಸರಪಳಿಯಲ್ಲೋ ಹಗ್ಗದಲ್ಲೋ ಮಿತಿಮೀರಿದ ಹೊತ್ತು ಕಟ್ಟಿಡುವುದು ಅಪರಾಧ. ಇನ್ನೊಂದನ್ನು ನಾಯಿಗಂತಲೇ ಬರೆದಿದ್ದಾರೆ. ಸದಾ ಕಟ್ಟಿಹಾಕುವ ಅಥವಾ ಕೂಡಿಹಾಕುವ ನಾಯಿಗೆ ಮಾಲೀಕ ತಕ್ಕಷ್ಟು ಓಡಾಟ ಮಾಡಿಸದಿದ್ದರೆ ಅದೂ ಅಪರಾಧ.

ಗಮನಿಸಿ, ಕಟ್ಟಲೇಬಾರದು ಅಂತ ಕಾಯ್ದೆ ಹೇಳಿಲ್ಲ. ಇಷ್ಟು ಗಂಟೆ, ಇಷ್ಟು ಅಡಿ ಅಂತಲೂ ಬರೆದಿಲ್ಲ. "ಮಿತಿಮೀರಿದ" ಅಂದರೆ ಎಷ್ಟು ಅನ್ನೋದನ್ನು ಆಯಾ ಸಂದರ್ಭ ನೋಡಿ ನ್ಯಾಯಾಲಯ ತೀರ್ಮಾನಿಸಬೇಕು. ಆದರೆ ಹಗಲೂ ರಾತ್ರಿ, ವರ್ಷಗಟ್ಟಲೆ ಒಂದೇ ಮರದ ಬುಡ ಅಂದರೆ ಅದು ಮಿತಿಮೀರಿದ್ದೇ. ಅದಕ್ಕೆ ವಾದವೇ ಬೇಕಿಲ್ಲ.

ಕಟ್ಟಿದ ನಾಯಿಯನ್ನು ನೋಡೋಕೆ ಹೋದಾಗ ನಾನು ಮೊದಲು ನೆಲ ನೋಡುತ್ತೇನೆ. ಸರಪಳಿ ಎಷ್ಟು ದೂರ ಹೋಗುತ್ತದೋ ಅಷ್ಟು ದೂರಕ್ಕೆ ಹುಲ್ಲು ಸವೆದು, ಮಣ್ಣು ಗಟ್ಟಿಯಾಗಿ, ಮರದ ಸುತ್ತ ಒಂದು ದುಂಡನೆ ಗುರುತು ಬಿದ್ದಿರುತ್ತದೆ. ಅನ್ನದ ತಟ್ಟೆ, ಮಗುಚಿಬಿದ್ದ ನೀರಿನ ಡಬ್ಬ, ಹೇಲು, ಉಚ್ಚೆ, ಮಲಗಲು ಹಾಸಿದ ಗೋಣಿಚೀಲ, ಎಲ್ಲವೂ ಅದರೊಳಗೇ. ನಾಯಿ ತಾನು ಮಲಗೋ ಜಾಗದಲ್ಲಿ ಗಲೀಜು ಮಾಡೋಕೆ ಇಷ್ಟಪಡುವ ಪ್ರಾಣಿ ಅಲ್ಲ, ದೂರ ಹೋಗೋಕೆ ದಾರಿಯಿಲ್ಲದೆ ಅಲ್ಲೇ ಮಾಡುತ್ತದೆ. ಆಮೇಲೆ ಕತ್ತಿನ ಬೆಲ್ಟ್ ಎತ್ತಿ ನೋಡುತ್ತೇನೆ. ಎಷ್ಟೋ ನಾಯಿಗಳಿಗೆ ಅಲ್ಲಿ ಕೂದಲೇ ಇರುವುದಿಲ್ಲ. ಚರ್ಮ ಕಪ್ಪಾಗಿ, ದಪ್ಪಗಾಗಿ, ಒಂಥರಾ ಹುಳಿ ವಾಸನೆ ಬರುತ್ತಿರುತ್ತದೆ. ಬೆಲ್ಟ್ ಸಂದಿಯಲ್ಲಿ ಉಣುಗು ಸಾಲಾಗಿ ಕಚ್ಚಿಕೊಂಡಿರುತ್ತವೆ. ಇನ್ನೂ ಕೆಟ್ಟದ್ದು ಮರಿಗಳದ್ದು. ಮರಿ ಇದ್ದಾಗ ಪ್ಲಾಸ್ಟಿಕ್ ಹಗ್ಗ ಕಟ್ಟಿ ಮರೆತುಬಿಡುತ್ತಾರೆ, ನಾಯಿ ಬೆಳೆಯುತ್ತದೆ, ಹಗ್ಗ ಬೆಳೆಯುವುದಿಲ್ಲ. ಹಗ್ಗ ಚರ್ಮ ಕೊಯ್ದು ಮಾಂಸದೊಳಗೆ ಹೂತುಹೋಗಿ, ಗಾಯಕ್ಕೆ ಹುಳ ಬಿದ್ದ ಮೇಲೆ ಆಸ್ಪತ್ರೆಗೆ ತರುತ್ತಾರೆ. ಅರಿವಳಿಕೆ ಕೊಟ್ಟು ಆ ಹಗ್ಗವನ್ನು ಬಿಡಿಸಿ ತೆಗೆಯುವಾಗ ಆಗುವ ಸಂಕಟ ಹೇಳತೀರದು.

ನಡತೆ ಕೆಡುವುದು ಇನ್ನೊಂದು. ಬಿಟ್ಟ ನಾಯಿಗೆ ಹೆದರಿಕೆಯಾದರೆ ಓಡಿಹೋಗುತ್ತದೆ. ಕಟ್ಟಿದ ನಾಯಿಗೆ ಓಡೋಕೆ ಆಗಲ್ಲ, ಬೊಗಳಬೇಕು ಇಲ್ಲಾ ಕಚ್ಚಬೇಕು. 1994ರಲ್ಲಿ ಅಮೆರಿಕದ ಡೆನ್ವರ್ ನಗರದ ಒಂದು ಅಧ್ಯಯನ ಪ್ರಕಟವಾಯಿತು. ಕಚ್ಚಿದ ನಾಯಿಗಳನ್ನೂ ಕಚ್ಚದ ನಾಯಿಗಳನ್ನೂ ಹೋಲಿಸಿ ನೋಡಿದ್ದರು. ಕಚ್ಚಿದವುಗಳಲ್ಲಿ ಅಂಗಳದಲ್ಲಿ ಸರಪಳಿ ಹಾಕಿ ಸಾಕಿದ ನಾಯಿಗಳು ಎದ್ದು ಕಾಣುವಷ್ಟು ಜಾಸ್ತಿ ಇದ್ದವು. "ಕಟ್ಟಿ ಸಾಕಿದರೆ ನಾಯಿ ಜೋರಾಗುತ್ತೆ, ಮನೆ ಕಾಯುತ್ತೆ" ಅಂತ ನಮ್ಮಲ್ಲಿ ಹೇಳುತ್ತಾರೆ ಅಲ್ವಾ? ಜೋರಾಗುವುದು ನಿಜ. ಆದರೆ ಆ ಜೋರು ಕಳ್ಳನಿಗೂ ನಿಮ್ಮ ಮೊಮ್ಮಗನಿಗೂ ವ್ಯತ್ಯಾಸ ಮಾಡುವುದಿಲ್ಲ.

ಹಾಗಂತ ನಾಳೆಯಿಂದಲೇ ಬಿಚ್ಚಿ ಊರ ಮೇಲೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಬಿಟ್ಟ ನಾಯಿ ಪಕ್ಕದವರ ಕೋಳಿ ಹಿಡಿಯುತ್ತದೆ, ಬೈಕ್ ಹಿಂದೆ ಓಡುತ್ತದೆ, ನಿಮ್ಮ ಕಡೆ ಕಾಡು ಹತ್ತಿರ ಇರುವುದರಿಂದ ಮೊಲ, ಜಿಂಕೆ ಅಟ್ಟಿಸಿಕೊಂಡು ಹೋಗುತ್ತದೆ. ನಾನು ಹೇಳುವುದು ಇಷ್ಟು. ಕೆಲಸದವರು ಬಂದಾಗ, ಅಡಿಕೆ ಸುಲಿಯುವಾಗ, ಹಾಲು ತರುವವರು ಬರುವಾಗ ಕಟ್ಟಿ, ಆಮೇಲೆ ಬಿಚ್ಚಿ. ಬೆಳಿಗ್ಗೆ ತೋಟಕ್ಕೆ ಹೋಗುವಾಗ ಹಗ್ಗ ಹಿಡಿದು ಜೊತೆಗೆ ಕರೆದುಕೊಂಡು ಹೋಗಿ, ಸಂಜೆಯೂ ಅರ್ಧ ಗಂಟೆ ಓಡಾಡಿಸಿ. ಮಲೆನಾಡಿನಲ್ಲಿ ಕೆಲವರು ಎರಡು ಮರದ ನಡುವೆ ತಂತಿ ಎಳೆದು, ಅದಕ್ಕೊಂದು ಕಬ್ಬಿಣದ ಬಳೆ ಹಾಕಿ, ಬಳೆಗೆ ಸರಪಳಿ ಕಟ್ಟುತ್ತಾರೆ. ನಾಯಿ ತಂತಿಯುದ್ದಕ್ಕೂ ಓಡಾಡಬಹುದು. ತುಂಬಾ ಒಳ್ಳೆಯ ಏರ್ಪಾಡು ಅದು. ಒಂದೇ ಎಚ್ಚರಿಕೆ, ಎರಡೂ ತುದಿಯಲ್ಲಿ ಮರಕ್ಕಿಂತ ನಾಲ್ಕೈದು ಅಡಿ ಮೊದಲೇ ಬಳೆ ನಿಲ್ಲುವಂತೆ ತಂತಿಗೆ ತಡೆ ಹಾಕಿ. ಇಲ್ಲದಿದ್ದರೆ ನಾಯಿ ಮರ ಸುತ್ತಿ ಸುತ್ತಿ ಸರಪಳಿ ಗಿಡ್ಡ ಮಾಡಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ: ಸರಪಳಿ ಎಷ್ಟು ಉದ್ದ ಇರಬೇಕು? ಬೆಲ್ಟ್ ಎಷ್ಟು ಬಿಗಿ? (ಹಾವೇರಿಯಿಂದ ಒಬ್ಬರು)

ಉತ್ತರ: ನಾಯಿಯ ಮೂಗಿನಿಂದ ಬಾಲದ ಬುಡದವರೆಗೆ ಎಷ್ಟಿದೆಯೋ ಅದರ ಐದು ಪಟ್ಟು, ಏನೇ ಆದರೂ ಹತ್ತು ಅಡಿಗೆ ಕಡಿಮೆ ಬೇಡ. ನಮ್ಮ ಕಾಯ್ದೆಯಲ್ಲಿ ಈ ಅಳತೆ ಇಲ್ಲ, ಬೇರೆ ಕಡೆಯ ಕಾನೂನಿನಲ್ಲಿದೆ, ಮುಂದೆ ಹೇಳುತ್ತೇನೆ. ದನ ಕಟ್ಟುವ ಸರಪಳಿ ನಾಯಿಗೆ ಹಾಕಬೇಡಿ, ಭಾರಕ್ಕೆ ಕತ್ತು ಬಗ್ಗುತ್ತದೆ. ಎರಡೂ ತುದಿಯಲ್ಲಿ ತಿರುಗುವ ಕೊಂಡಿ ಇರಲಿ. ಬೆಲ್ಟ್ ಮತ್ತು ಕತ್ತಿನ ನಡುವೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು. ಮರಿಯಾದರೆ ವಾರಕ್ಕೊಮ್ಮೆ ನೋಡಿ ಸಡಿಲಿಸಿ. ಎಳೆದರೆ ಬಿಗಿಯಾಗುವ ಕುಣಿಕೆ ಯಾವತ್ತೂ ಬೇಡ. ಮತ್ತೆ, ಜಗಲಿ ಕಟ್ಟೆ, ಮಹಡಿ ಮೆಟ್ಟಿಲು, ಕಾಂಪೌಂಡ್ ಗೋಡೆ ಪಕ್ಕ ಕಟ್ಟಬೇಡಿ. ನಾಯಿ ಆಚೆಗೆ ಹಾರಿ ನೇತಾಡಿ ಸಾಯುತ್ತದೆ.

ಪ್ರಶ್ನೆ: ಮೈಸೂರಿನ ಒಂದು ಬಡಾವಣೆಯಲ್ಲಿ ಇದ್ದೇವೆ. ಎದುರು ಮನೆಯವರು ಲ್ಯಾಬ್ರಡಾರ್ ನಾಯಿಯನ್ನು ಗೇಟಿನ ಪಕ್ಕ ಕಟ್ಟಿಹಾಕಿದ್ದಾರೆ. ಎರಡು ಅಡಿ ಸರಪಳಿ. ಬಿಸಿಲಾದರೂ ಅಲ್ಲೇ, ಮಳೆಯಾದರೂ ಅಲ್ಲೇ. ರಾತ್ರಿಯೆಲ್ಲ ಅಳುತ್ತದೆ. ಕತ್ತಿನಲ್ಲಿ ಗಾಯ ಕಾಣುತ್ತದೆ. ಪೊಲೀಸರಿಗೆ ಹೇಳಿದರೆ "ಇದಕ್ಕೆಲ್ಲ ಎಫ್‌ಐಆರ್ ಆಗಲ್ಲ ಮೇಡಂ" ಅಂದರು. ಯಾರಿಗೆ ದೂರು ಕೊಡಲಿ?

ಉತ್ತರ: ಪೊಲೀಸರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಈ ಕಾಯ್ದೆಯಡಿ ಕೆಲವೇ ಅಪರಾಧಗಳಿಗೆ ಪೊಲೀಸರು ತಾವಾಗಿಯೇ ನೇರ ಕೇಸ್ ಹಾಕಬಹುದು, ಕಟ್ಟಿಹಾಕುವುದು ಆ ಪಟ್ಟಿಯಲ್ಲಿ ಇಲ್ಲ. ಆದರೆ ದೂರೇ ತೆಗೆದುಕೊಳ್ಳಬಾರದು ಅಂತ ಅರ್ಥ ಅಲ್ಲ. ನಿಮ್ಮ ಮಾಹಿತಿಯನ್ನು ಠಾಣೆಯ ಪುಸ್ತಕದಲ್ಲಿ ಬರೆದುಕೊಂಡು, ಮ್ಯಾಜಿಸ್ಟ್ರೇಟರ ಬಳಿ ಹೋಗಿ ಅಂತ ನಿಮಗೆ ಹೇಳಬೇಕು. ಮ್ಯಾಜಿಸ್ಟ್ರೇಟರು ಅಪ್ಪಣೆ ಕೊಟ್ಟರೆ ತನಿಖೆ ಆಗುತ್ತದೆ. ಹಾಗಾಗಿ ದೂರನ್ನು ಬಾಯಲ್ಲಿ ಹೇಳಬೇಡಿ. ಬರೆದು ಕೊಡಿ, ಸ್ವೀಕೃತಿ ಕೇಳಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಈ ಕಾಯ್ದೆಯಡಿ ಅಪರಾಧ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು, ಆಮೇಲೆ ಆಗುವುದಿಲ್ಲ. ಇವತ್ತಿನಿಂದಲೇ ದಿನಾಂಕ, ಸಮಯ ಕಾಣುವಂತೆ ನಿಮ್ಮ ಮನೆಯಿಂದಲೇ ಫೋಟೊ ತೆಗೆದಿಡಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ನೀರಿನ ಪಾತ್ರೆ ಇದೆಯಾ, ನೆರಳು ಇದೆಯಾ ಅನ್ನುವುದೂ ಫೋಟೊದಲ್ಲಿ ಕಾಣಲಿ. ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದೂ ಅದೇ 11ನೇ ಸೆಕ್ಷನ್ ಪ್ರಕಾರ ಬೇರೆಯೇ ಅಪರಾಧ. ದೂರಿನ ಪ್ರತಿಯನ್ನು ಪಾಲಿಕೆಯ ಪಶುವೈದ್ಯ ವಿಭಾಗಕ್ಕೂ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೂ ಕೊಡಿ. ಪ್ರತಿ ಜಿಲ್ಲೆಯಲ್ಲೂ ಇಂಥ ಸಂಘ ಇರಬೇಕು ಅಂತ 2001ರ ನಿಯಮವೇ ಇದೆ. ಸಂಘದ ಕಚೇರಿ ಎಲ್ಲಿ ಅಂತ ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಹೇಳುತ್ತಾರೆ.

ಈಗ ಬೇಜಾರಿನ ಮಾತು. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಹೌದು, ಸರಿಯಾಗಿಯೇ ಓದಿದಿರಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲಾ ಮೂರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. 1960ರಲ್ಲಿ 50 ರೂಪಾಯಿ ಅಂದರೆ ಒಂದು ಮೊತ್ತವೇ. ಈಗ ಅಷ್ಟರಲ್ಲಿ ಒಂದು ಒಳ್ಳೆ ಬೆಲ್ಟ್ ಕೂಡ ಬರಲ್ಲ. ದಂಡ ಹೆಚ್ಚಿಸೋಕೆ 2022ರಲ್ಲಿ ಕೇಂದ್ರ ಸರ್ಕಾರ ಒಂದು ಕರಡು ತಂದು ಜನರ ಅಭಿಪ್ರಾಯ ಕೇಳಿತ್ತು. ಅದು ಕಾಯ್ದೆಯಾಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಈ ದಂಡ ಇಟ್ಟುಕೊಂಡು ಯಾರನ್ನು ಹೆದರಿಸೋಕೆ ಆಗುತ್ತೆ?

ಅದಕ್ಕೇ ಹೇಳುತ್ತೇನೆ, ದೂರಿಗಿಂತ ಮೊದಲು ಒಂದು ಸಲ ಮಾತಾಡಿ ನೋಡಿ. "ನೀವು ಹಿಂಸೆ ಕೊಡ್ತಿದ್ದೀರಿ" ಅಂತ ಶುರು ಮಾಡಿದರೆ ಬಾಗಿಲು ಹಾಕಿಕೊಳ್ಳುತ್ತಾರೆ, ಆ ಸಿಟ್ಟು ನಾಯಿ ಮೇಲೆ ತಿರುಗುತ್ತದೆ. "ಅದರ ಕತ್ತಲ್ಲಿ ಗಾಯ ಆಗಿದೆ, ನೋಡಿದ್ರಾ? ಸಂಜೆ ನಾನು ವಾಕಿಂಗ್ ಹೋಗ್ತೀನಿ, ಅದನ್ನೂ ಕರ್ಕೊಂಡು ಹೋಗ್ಲಾ?" ಅಂತ ಕೇಳಿ. ಬಹಳ ಮನೆಗಳಲ್ಲಿ ಮಗನಿಗೋ ಮಗಳಿಗೋ ಆಸೆ ಅಂತ ಲ್ಯಾಬ್ರಡಾರ್ ಮರಿ ತಂದಿರುತ್ತಾರೆ. ಮಕ್ಕಳು ಓದೋಕೆ ಹೊರಗೆ ಹೋಗುತ್ತಾರೆ, ವಯಸ್ಸಾದ ಅಪ್ಪ ಅಮ್ಮನ ಕೈಲಿ 30 ಕೆಜಿ ನಾಯಿಯನ್ನು ಹಿಡಿಯೋಕೆ ಆಗುವುದಿಲ್ಲ, ಗೇಟಿಗೆ ಕಟ್ಟುತ್ತಾರೆ. ಅಂಥವರಿಗೆ ಒಬ್ಬರು ಕೈ ಜೋಡಿಸಿದರೆ ಸಾಕಾಗುತ್ತದೆ.

ನೀವಾಗಿಯೇ ಹೋಗಿ ಬಿಚ್ಚಿಬಿಡಬೇಡಿ. ಅದು ರಸ್ತೆಗೆ ಓಡಿ ಗಾಡಿಗೆ ಸಿಕ್ಕರೆ ತಪ್ಪು ನಿಮ್ಮ ತಲೆ ಮೇಲೆ ಬರುತ್ತದೆ, ನಾಯಿಯೂ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಚಿರತೆ ಕಾಟ. ರಾತ್ರಿ ನಾಯಿ ಬಿಟ್ಟರೆ ತೋಟದೊಳಗೆ ಹೋಗಿ ಸಿಕ್ಕಿಬೀಳುತ್ತದೆ, ಕಟ್ಟಿದರೆ ಕಟ್ಟಿದಲ್ಲೇ ಹಿಡಿಯುತ್ತದೆ. ಹೋದ ವರ್ಷ ಬೆಳಿಗ್ಗೆ ಎದ್ದು ನೋಡಿದರೆ ಬರೀ ಸರಪಳಿ ಇತ್ತು. ಏನು ಮಾಡೋದು?

ಉತ್ತರ: ಎರಡೂ ಬೇಡ. ರಾತ್ರಿ ಹೊತ್ತು ಗೂಡಿನಲ್ಲಿ ಇರಲಿ, ಇಲ್ಲಾ ಮನೆಯೊಳಗೆ, ಕೊಟ್ಟಿಗೆಯೊಳಗೆ. ಚಿರತೆಗೆ ನಾಯಿ ಸುಲಭದ ಬೇಟೆ. ಮಹಾರಾಷ್ಟ್ರದ ಅಕೋಲೆ ಕಡೆ ಕಬ್ಬಿನ ಗದ್ದೆಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆ ಪರೀಕ್ಷಿಸಿದಾಗ ಅವುಗಳ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಾಕುನಾಯಿ, ಬೀದಿನಾಯಿಗಳದ್ದೇ ಇತ್ತು. ಅಂಗಳದ ಗೂಟಕ್ಕೆ ನಾಯಿ ಕಟ್ಟಿದರೆ ಚಿರತೆಯನ್ನು ನೀವೇ ಮನೆ ಬಾಗಿಲಿಗೆ ಕರೆದ ಹಾಗೆ. ಒಂದು ಸಲ ಸಿಕ್ಕಿದ ಮೇಲೆ ಮತ್ತೆ ಬರುತ್ತದೆ. ಆ ಅಂಗಳದಲ್ಲಿ ನಿಮ್ಮ ಮಕ್ಕಳೂ, ಲೈನ್ ಮನೆಯ ಮಕ್ಕಳೂ ಓಡಾಡುತ್ತಾರೆ.

ಗೂಡು ಹೇಗಿರಬೇಕು ಅಂದರೆ, ನಾಯಿ ಎದ್ದು ನಿಂತು ತಿರುಗಿ ಕೈಕಾಲು ಚಾಚಿ ಮಲಗುವಷ್ಟು ಜಾಗ. ತೀರಾ ಇಕ್ಕಟ್ಟಿನ ಗೂಡಿನಲ್ಲಿ ಇಡುವುದೂ ಅದೇ ಕಾಯ್ದೆ ಪ್ರಕಾರ ತಪ್ಪು. ಬೆಸುಗೆ ಹಾಕಿದ ಗಟ್ಟಿ ಜಾಲರಿ ಬೇಕು, ಕೋಳಿ ಗೂಡಿನ ತೆಳು ಬಲೆ ಸಾಲದು, ಚಿರತೆ ಪಂಜಾ ಒಳಗೆ ತೂರಿಸಬಾರದು. ಮೇಲೂ ಭದ್ರವಾಗಿ ಮುಚ್ಚಿರಬೇಕು, ಯಾಕಂದರೆ ಚಿರತೆ ಹತ್ತುತ್ತದೆ. ನೆಲ ಅರ್ಧ ಅಡಿ ಎತ್ತರಕ್ಕಿರಲಿ, ನಿಮ್ಮ ಕಡೆ ಮಳೆಗೆ ನೀರು ನುಗ್ಗುತ್ತದೆ. ಒಳಗೊಂದು ಹಲಗೆ ಹಾಕಿ. ಗೂಡು ಮನೆಗೆ ಹತ್ತಿರ, ದೀಪದ ಬೆಳಕು ಬೀಳುವ ಕಡೆ ಇರಲಿ. ಒಳಗಿದ್ದರೂ ನಾಯಿ ಬೊಗಳಿ ಎಚ್ಚರಿಸುತ್ತದೆ, ಕಾವಲಿಗೆ ಅಷ್ಟು ಸಾಕು. ಆದರೆ ಬೆಳಗಾದ ತಕ್ಷಣ ಹೊರಗೆ ಬಿಡಬೇಕು. ಹನ್ನೆರಡು ಗಂಟೆ ಗೂಡು, ಹನ್ನೆರಡು ಗಂಟೆ ಸರಪಳಿ ಅಂತ ಮಾಡಿದರೆ ಏನೂ ಬದಲಾಗಲಿಲ್ಲ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್. ನಾಯಿಗೆ ಬಾಯಿಪಟ್ಟಿ ಹಾಕದೆ ಹೊರಗೆ ತರಬಾರದು, ಲಿಫ್ಟ್‌ನಲ್ಲಿ ಬರಬಾರದು, ಬೇಕಾದರೆ ಬಾಲ್ಕನಿಯಲ್ಲಿ ಕಟ್ಟಿ ಇಟ್ಟುಕೊಳ್ಳಿ ಅಂತ ಸಂಘದವರು ನೋಟಿಸ್ ಕೊಟ್ಟಿದ್ದಾರೆ. ಇದು ಸರಿಯಾ?

ಉತ್ತರ: ಸರಿಯಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ನಿವಾಸಿ ಸಂಘಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಸಂಘ ಬಹುಮತದಿಂದ ನಿರ್ಣಯ ಮಾಡಿದರೂ ಸಾಕುನಾಯಿ ನಿಷೇಧಿಸುವ ಹಾಗಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವ ಹಾಗಿಲ್ಲ, ಬಾಯಿಪಟ್ಟಿ ಹಾಕಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಆದರೆ ಅದೇ ಮಾರ್ಗಸೂಚಿ ನಿಮಗೂ ಹೇಳುತ್ತದೆ, ಎಲ್ಲರೂ ಓಡಾಡುವ ಜಾಗದಲ್ಲಿ ನಾಯಿಗೆ ಹಗ್ಗ ಇರಲಿ, ಲಸಿಕೆ ಆಗಿರಲಿ ಅಂತ. ನಾಯಿ ಕಂಡರೆ ಹೆದರುವ ಅಜ್ಜಿ ಲಿಫ್ಟ್ ಒಳಗಿದ್ದರೆ ನೀವು ಮುಂದಿನ ಸಲಕ್ಕೆ ಕಾಯಿರಿ, ಅದರಿಂದ ಅರ್ಧ ಜಗಳ ಮುಗಿಯುತ್ತದೆ. ನಗರದಲ್ಲಿ ಸಾಕುನಾಯಿಗೆ ಪಾಲಿಕೆಯ ಲೈಸೆನ್ಸ್ ಬೇಕು, ವರ್ಷವರ್ಷ ನವೀಕರಿಸಬೇಕು. ಅದು ಕೈಯಲ್ಲಿದ್ದರೆ ಸಂಘದ ಮುಂದೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಬಾಲ್ಕನಿಯಲ್ಲಿ ಕಟ್ಟುವ ಸಲಹೆಯಂತೂ ಬೇಡವೇ ಬೇಡ. ಮಧ್ಯಾಹ್ನದ ಬಿಸಿಲಿಗೆ ಟೈಲ್ಸ್ ಕಾದಿರುತ್ತದೆ, ಸರಳಿನ ಸಂದಿಯಿಂದ ನಾಯಿ ಜಾರಿದರೆ ಬೆಲ್ಟ್‌ನಲ್ಲೇ ನೇತಾಡುತ್ತದೆ.

ಪ್ರಶ್ನೆ: ನಮ್ಮದು ರಾಟ್‌ವೀಲರ್. ಕಾಂಪೌಂಡ್ ಒಳಗೇ ಕಟ್ಟಿದ್ದೆವು, "ನಾಯಿ ಇದೆ ಎಚ್ಚರಿಕೆ" ಬೋರ್ಡೂ ಇತ್ತು. ಆದರೂ ಕರೆಂಟ್ ಮೀಟರ್ ನೋಡೋಕೆ ಬಂದವರನ್ನು ಕಚ್ಚಿತು. ತಪ್ಪು ನಮ್ಮದಾ? ಈ ಜಾತಿ ನಾಯಿ ಬ್ಯಾನ್ ಆಗಿದೆ ಅಂತಲೂ ಕೆಲವರು ಹೆದರಿಸುತ್ತಿದ್ದಾರೆ. (ದಾವಣಗೆರೆ)

ಉತ್ತರ: ಮೊದಲು ಕಚ್ಚಿಸಿಕೊಂಡವರ ವಿಷಯ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ಅರಿಸಿನ, ಖಾರದ ಪುಡಿ, ಸುಣ್ಣ ಯಾವುದನ್ನೂ ಹಚ್ಚಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೈಗೆ ಹಾಕುವ ಲಸಿಕೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ಕ್ರಮದಲ್ಲಿ, ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಗಾಯ ಆಳವಾಗಿ ರಕ್ತ ಬಂದಿದ್ದರೆ ಗಾಯದ ಸುತ್ತಲೇ ಚುಚ್ಚುವ ಇಮ್ಯುನೊಗ್ಲೋಬುಲಿನ್ ಕೂಡ ಬೇಕು. ನಿಮ್ಮ ನಾಯಿಗೆ ಲಸಿಕೆ ಆಗಿದೆ ಅಂತ ಇದನ್ನು ತಪ್ಪಿಸಬೇಡಿ. ಖರ್ಚು ನೀವೇ ನೋಡಿಕೊಳ್ಳಿ, ಜೊತೆಗೆ ಹೋಗಿ.

ಈಗ ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯ ಆಗದಂತೆ ಸಾಕಷ್ಟು ಎಚ್ಚರಿಕೆ ತೆಗೆದುಕೊಳ್ಳದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಬೋರ್ಡ್ ಹಾಕಿದ್ದೀರಿ, ಒಳ್ಳೆಯದು. ಆದರೆ ಮೀಟರ್ ನೋಡುವವರು ಒಳಗೆ ಬರಲೇಬೇಕು ಅಲ್ವಾ? ಸಿಲಿಂಡರ್ ತರುವವರು ಬರುತ್ತಾರೆ, ಚೆಂಡು ಹುಡುಕಿಕೊಂಡು ಓದಲು ಬಾರದ ಮಗು ಬರುತ್ತದೆ. ಗೇಟಿನಿಂದ ಬಾಗಿಲಿಗೆ, ಬಾಗಿಲಿಂದ ಮೀಟರಿಗೆ ಹೋಗುವ ದಾರಿಗೆ ಸರಪಳಿ ಎಟುಕಬಾರದು. ಇವತ್ತೇ ಸರಪಳಿ ಎಳೆದು ಅಳೆದು ನೋಡಿ. ಸರಪಳಿ ಗಿಡ್ಡ ಮಾಡುವುದು ಪರಿಹಾರ ಅಲ್ಲ, ನಾಯಿಯ ಜಾಗವನ್ನೇ ಮನೆಯ ಹಿಂದಕ್ಕೆ ಬದಲಾಯಿಸಿ.

ಬ್ಯಾನ್ ವಿಷಯ ಹೀಗೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು, ಅದರಲ್ಲಿ ರಾಟ್‌ವೀಲರ್ ಕೂಡ ಇತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ಆ ಸುತ್ತೋಲೆ ತೋರಿಸಿ ಯಾರಾದರೂ ಹೆದರಿಸಿದರೆ ಹೆದರಬೇಡಿ. ಮೇಲೆ ಹೇಳಿದ 291ನೇ ಸೆಕ್ಷನ್‌ಗೆ ಮಾತ್ರ ಹೆದರಿ, ಅದು ಎಲ್ಲ ತಳಿಗೂ ಒಂದೇ.

ಪ್ರಶ್ನೆ: ನಾವು ಚಿತ್ರದುರ್ಗದವರು, ಈಗ ಅಮೆರಿಕದ ಟೆಕ್ಸಾಸ್‌ನಲ್ಲಿ ಆಸ್ಟಿನ್ ಹತ್ತಿರ ಇದ್ದೇವೆ. ಹಿತ್ತಲಿನಲ್ಲಿ ನಾಯಿ ಕಟ್ಟೋಕೆ ಊರಿಂದ ಒಂದು ಸರಪಳಿ ತಂದಿದ್ದೇವೆ. ಇಲ್ಲಿಯ ಗೆಳೆಯರು ಹಾಕಬೇಡಿ ಅಂತಾರೆ. ಯಾಕೆ?

ಉತ್ತರ: ಗೆಳೆಯರ ಮಾತು ಕೇಳಿ. ಟೆಕ್ಸಾಸ್‌ನಲ್ಲಿ 2022ರ ಜನವರಿ 18ರಿಂದ ಹೊಸ ಕಾನೂನು ಇದೆ. ಹೊರಗೆ ಕಟ್ಟಿ, ನೋಡಿಕೊಳ್ಳೋಕೆ ಯಾರೂ ಇಲ್ಲದೆ ಬಿಡುವ ನಾಯಿಗೆ ಕಬ್ಬಿಣದ ಸರಪಳಿ ಹಾಕುವಂತೆಯೇ ಇಲ್ಲ, ಭಾರ ನೇತುಹಾಕುವಂತಿಲ್ಲ. ಹಗ್ಗ ಹತ್ತು ಅಡಿ ಅಥವಾ ನಾಯಿಯ ಉದ್ದದ ಐದು ಪಟ್ಟು, ಯಾವುದು ಜಾಸ್ತಿಯೋ ಅಷ್ಟು ಇರಬೇಕು. ಹಾವೇರಿಯವರಿಗೆ ಹೇಳಿದ ಅಳತೆ ಇದೇ. ಆಸರೆ, ನೆರಳು, ಕುಡಿಯುವ ನೀರು ಇರಬೇಕು, ನಿಂತ ನೀರಿನಲ್ಲಿ, ಗಲೀಜಿನಲ್ಲಿ ನಾಯಿ ನಿಲ್ಲುವ ಹಾಗಿರಬಾರದು. ಮೊದಲ ತಪ್ಪಿಗೇ 500 ಡಾಲರ್‌ವರೆಗೆ ದಂಡ. ಹಿಂದಿನ ಕಾನೂನಿನಲ್ಲಿ ಅಧಿಕಾರಿ ಮೊದಲು ನೋಟಿಸ್ ಕೊಟ್ಟು 24 ಗಂಟೆ ಕಾಯಬೇಕಿತ್ತು. ಬಿಸಿಲಿನಲ್ಲಿ ನರಳುವ ನಾಯಿಗೆ 24 ಗಂಟೆ ಅಂದರೆ ಎಷ್ಟು ಅಂತ ಯೋಚಿಸಿ. ಈಗ ಅದನ್ನು ತೆಗೆದಿದ್ದಾರೆ. ಈ ಕಾನೂನು ಸುಮ್ನೆ ಬಂದಿಲ್ಲ. 2021ರ ಜೂನ್‌ನಲ್ಲಿ ಇಂಥದ್ದೇ ಮಸೂದೆಯನ್ನು ಅಲ್ಲಿಯ ಗವರ್ನರ್ ತಿರಸ್ಕರಿಸಿದ್ದರು, ಜನ ಗಲಾಟೆ ಮಾಡಿದರು, ಅದೇ ವರ್ಷ ಮತ್ತೆ ಪಾಸಾಯಿತು. ನಗರಗಳು ಇದಕ್ಕಿಂತ ಬಿಗಿ ನಿಯಮ ಮಾಡಿಕೊಳ್ಳಬಹುದು, ಮಾಡಿಕೊಂಡಿವೆ ಕೂಡ. ನಿಮ್ಮ ನಗರದ ಪ್ರಾಣಿ ವಿಭಾಗಕ್ಕೆ ಫೋನ್ ಮಾಡಿ ಒಮ್ಮೆ ಕೇಳಿಬಿಡಿ.

ಕ್ಯಾಲಿಫೋರ್ನಿಯಾದ ಕನ್ನಡಿಗರೂ ಓದುತ್ತಿರಬಹುದು, ಅವರಿಗೊಂದು ಮಾತು. ನಿಮ್ಮಲ್ಲಿ ಮರ, ಕಂಬದಂಥ ಕದಲದ ವಸ್ತುವಿಗೆ ನಾಯಿ ಕಟ್ಟುವುದೇ ತಪ್ಪು. ಏನೋ ಕೆಲಸಕ್ಕೆ ಅಂತ ಕಟ್ಟಿದರೂ 24 ಗಂಟೆಯಲ್ಲಿ ಮೂರು ಗಂಟೆ ಮೀರಬಾರದು. ತಂತಿ ಮೇಲೆ ಬಳೆ ಓಡುವ ಏರ್ಪಾಡಿಗೆ ಅಲ್ಲೂ ಒಪ್ಪಿಗೆ ಇದೆ, ಕತ್ತು ಬಿಗಿಯುವ ಬೆಲ್ಟ್ ಮಾತ್ರ ಇರಬಾರದು. ನಮ್ಮ ಕಾಯ್ದೆಯೂ ಹೀಗೆ ಗಂಟೆ, ಅಡಿ ಬರೆದಿದ್ದರೆ ಮೈಸೂರಿನ ಆ ಓದುಗರು ಠಾಣೆಯಿಂದ ಬರಿಗೈಯಲ್ಲಿ ಬರುತ್ತಿರಲಿಲ್ಲ. ಗ್ರಾಮ ಪಂಚಾಯ್ತಿ, ಪುರಸಭೆಗಳಾದರೂ ಈ ಬಗ್ಗೆ ಒಂದು ನಿರ್ಣಯ ಮಾಡಬಹುದು. ನಿಮ್ಮ ವಾರ್ಡಿನ ಸದಸ್ಯರಿಗೆ ಕೇಳಿ ನೋಡಿ.

ಪ್ರಶ್ನೆ: ಮುಧೋಳ ನಾಯಿ ಸಾಕಿದ್ದೇವೆ, ಎರಡು ವರ್ಷ. ಬಿಟ್ಟರೆ ಸಿಗೂದಿಲ್ಲ, ಅದಕ್ಕ ಉದ್ದನ ಹಗ್ಗದಾಗ ಕಟ್ಟೀವಿ. ಆದ್ರೂ ಕುತ್ತಿಗಿ ನೋವು ಮಾಡಿಕೊಂಡದ. (ಬಾಗಲಕೋಟೆ ಜಿಲ್ಲೆ)

ಉತ್ತರ: ನಿಮ್ಮ ನಾಯಿ ಹುಟ್ಟಿರುವುದೇ ಓಡೋಕೆ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ ಅದು, ಅದಕ್ಕಂತಲೇ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇದೆ. ಮುಧೋಳಕ್ಕೆ ಉದ್ದ ಹಗ್ಗವೂ ಅಪಾಯ. ಮೊಲವೋ ಬೆಕ್ಕೋ ಕಂಡ ಕ್ಷಣಕ್ಕೆ ಪೂರ್ತಿ ವೇಗ ಹಿಡಿಯುತ್ತದೆ, ಹಗ್ಗ ಮುಗಿದ ಕಡೆ ಕತ್ತಿಗೆ ಜೋರಾಗಿ ಏಟು ಬೀಳುತ್ತದೆ. ಚರ್ಮ ತೆಳು, ಕೂದಲು ಕಡಿಮೆ, ಹಾಗಾಗಿ ಗಾಯವೂ ಬೇಗ ಆಗುತ್ತದೆ. ತಲೆ ಸಣ್ಣದು, ಕತ್ತು ದಪ್ಪ, ಬೆಲ್ಟ್ ಜಾರುತ್ತದೆ ಅಂತ ಜನ ಬಿಗಿ ಮಾಡುತ್ತಾರೆ. ಹಾಗೆ ಮಾಡಬೇಡಿ. ಅಗಲದ, ಮೆತ್ತನೆ ಬೆಲ್ಟ್ ಹಾಕಿ, ಎದೆಗೆ ಹಾಕುವ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಕಟ್ಟುವುದಕ್ಕಿಂತ ಹೊಲದಲ್ಲಿ ಒಂದಿಷ್ಟು ಜಾಗಕ್ಕೆ ಆರು ಅಡಿ ಎತ್ತರದ ಬೇಲಿ ಹಾಕಿ ಅದರೊಳಗೆ ಬಿಡಿ. ದಿನಕ್ಕೆ ಎರಡು ಸಲ ಮೈ ಬೆವರುವಷ್ಟು ನೀವೂ ಜೊತೆಗೆ ನಡೆಯಿರಿ. ಕುತ್ತಿಗೆ ನೋವು ಮೂರು ದಿನದಲ್ಲಿ ಕಡಿಮೆ ಆಗದಿದ್ದರೆ, ಅಥವಾ ತಲೆ ಬಗ್ಗಿಸಿ ಅನ್ನ ತಿನ್ನೋಕೆ ಒದ್ದಾಡಿದರೆ ಪಶು ಆಸ್ಪತ್ರೆಗೆ ತೋರಿಸಿ. ನೋವಿನ ಮಾತ್ರೆ ಅಂತ ಮನುಷ್ಯರ ಪ್ಯಾರಾಸಿಟಮಾಲ್, ಡೈಕ್ಲೊಫಿನಾಕ್ ಕೊಡಲೇಬೇಡಿ.

ಪ್ರಶ್ನೆ: ಬಳ್ಳಾರಿ ಬಿಸಿಲು ನಿಮಗೆ ಗೊತ್ತಲ್ಲ. ಹಗಲು ಕೆಲಸಕ್ಕೆ ಹೋಗುವಾಗ ನಾಯಿಯನ್ನು ಶೀಟಿನ ಕೆಳಗೆ ಕಟ್ಟಿ ಹೋಗುತ್ತೇವೆ. ಸಾಕಾ?

ಉತ್ತರ: ಸಾಲದು. ತಗಡಿನ ಶೀಟು ನೆರಳು ಕೊಡುತ್ತದೆ, ಜೊತೆಗೆ ಕಾವನ್ನೂ ಕೆಳಕ್ಕೆ ಬಿಡುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಬೇವಿನ ಮರದ ನೆರಳು ಸಿಕ್ಕರೆ ಅಲ್ಲಿ ಕಟ್ಟಿ. ಆದರೆ ಹನ್ನೊಂದರ ನೆರಳು ಮೂರು ಗಂಟೆಗೆ ಅಲ್ಲಿರುವುದಿಲ್ಲ, ರಜೆ ದಿನ ಕೂತು ನೆರಳು ಹೇಗೆ ಸರಿಯುತ್ತದೆ ಅಂತ ನೋಡಿಕೊಳ್ಳಿ. ನೀರಿಗೆ ಪ್ಲಾಸ್ಟಿಕ್ ಡಬ್ಬ ಬೇಡ, ಸರಪಳಿ ತಾಗಿ ಮಗುಚುತ್ತದೆ. ಕಲ್ಲಿನ ಬಾನಿ ಇಡಿ. ನಾಯಿಯ ಮೈ ಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, 106 ದಾಟಿದರೆ ಜೀವಕ್ಕೆ ಅಪಾಯ. ಜೊಲ್ಲು ಸುರಿಸುತ್ತಾ ತೂರಾಡುತ್ತಿದ್ದರೆ ತಕ್ಷಣ ನೆರಳಿಗೆ ತಂದು, ಹೊಟ್ಟೆ, ತೊಡೆ ಸಂದಿ, ಪಾದಕ್ಕೆ ಮಾಮೂಲಿ ನೀರು ಹಾಕಿ, ಫ್ಯಾನ್ ಹಾಕಿ, ಆಸ್ಪತ್ರೆಗೆ ಹೊರಡಿ. ಏಪ್ರಿಲ್, ಮೇ ತಿಂಗಳಲ್ಲಂತೂ ಹಗಲು ಮನೆಯೊಳಗೆ ಬಚ್ಚಲ ಪಕ್ಕದ ತಂಪು ನೆಲದಲ್ಲಿ ಬಿಟ್ಟು ಹೋಗಿ.

ಪ್ರಶ್ನೆ: ನಾನು 7ನೇ ತರಗತಿ. ನಮ್ಮ ರಾಜ ಕಟ್ಟಿದ್ರೆ ಅಳ್ತಾನೆ, ಬಿಟ್ಟರೆ ಗೇಟ್ ಆಚೆ ಓಡ್ತಾನೆ. ಅಪ್ಪ ಅವನನ್ನ ಯಾವಾಗಲೂ ಕಟ್ಟೇ ಇರಬೇಕು ಅಂತಾರೆ. ನಾನು ಏನ್ ಮಾಡ್ಲಿ? (ಪುತ್ತೂರಿಂದ ಒಬ್ಬ ಹುಡುಗಿ)

ಉತ್ತರ: ಪುಟ್ಟಿ, ರಾಜನಿಗೆ ಗೇಟ್ ಆಚೆ ಹೋಗುವ ಆಸೆ ಯಾಕೆ ಅಂದ್ರೆ ಒಳಗೆ ಅವನಿಗೆ ಮಾಡೋಕೆ ಏನೂ ಇಲ್ಲ. ಶಾಲೆಗೆ ಹೋಗೋ ಮೊದಲು ಹದಿನೈದು ನಿಮಿಷ, ಬಂದ ಮೇಲೆ ಅರ್ಧ ಗಂಟೆ ಅವನನ್ನು ಹಗ್ಗ ಹಿಡಿದು ಸುತ್ತಾಡಿಸು, ದೊಡ್ಡವರು ಒಬ್ಬರು ಜೊತೆಗಿರಲಿ. ವಾಪಸ್ ಬಂದ ಮೇಲೆ ಗೇಟ್ ಹಾಕಿ ಬಿಚ್ಚಿ ಬಿಡು. ಹೆಸರು ಕರಿ, ಬಂದರೆ ಒಂದು ತುಂಡು ಚಪಾತಿ ಕೊಡು. ಬರದಿದ್ದರೆ ಬೈಬೇಡ, ಅಟ್ಟಿಸಿಕೊಂಡು ಹೋಗಬೇಡ, ಇನ್ನೊಂದು ಸಲ ಕರಿ. ಕಟ್ಟುವಾಗಲೂ ತಿನ್ನೋಕೆ ಏನಾದರೂ ಕೊಟ್ಟೇ ಕಟ್ಟು, ಆಗ ಅಳುವುದು ಕಡಿಮೆ ಆಗುತ್ತದೆ. ಅವನಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿಲ್ಲ ಅಂದ್ರೆ ಮಾಡಿಸೋಕೆ ಅಪ್ಪನಿಗೆ ಹೇಳು, ಹೊರಗೆ ಓಡುವುದು ತುಂಬಾ ಕಡಿಮೆ ಆಗುತ್ತದೆ. ಈ ಅಂಕಣದ ಮೊದಲ ಉತ್ತರವನ್ನೂ ಅಪ್ಪನಿಗೆ ಓದಿ ಹೇಳು.

ಪ್ರಶ್ನೆ: ಜಾತ್ರೆಗೆ ಮೂರು ದಿನ ಊರಿಗೆ ಹೋಗಬೇಕು. ಒಂದು ದೊಡ್ಡ ಪಾತ್ರೆ ಅನ್ನ, ಒಂದು ಬಕೆಟ್ ನೀರು ಇಟ್ಟು ನಾಯಿ ಕಟ್ಟಿ ಹೋಗಬಹುದಾ? (ಹಾಸನ)

ಉತ್ತರ: ಬೇಡ. ಅನ್ನ ಮೊದಲ ರಾತ್ರಿಗೇ ಹಳಸುತ್ತದೆ, ಇರುವೆ ಮುತ್ತುತ್ತದೆ, ಬಕೆಟ್ ಮಗುಚುತ್ತದೆ. ದಿನಕ್ಕೆ ಎರಡು ಸಲ ಬಂದು ಬಿಚ್ಚಿ, ಓಡಾಡಿಸಿ, ಊಟ ಹಾಕುವವರು ಒಬ್ಬರು ಸಿಗದಿದ್ದರೆ ನಾಯಿಯನ್ನೂ ಜಾತ್ರೆಗೆ ಕರೆದುಕೊಂಡು ಹೋಗಿ, ಇಲ್ಲಾ ಮನೆಯವರಲ್ಲಿ ಒಬ್ಬರು ಹಿಂದೆ ಉಳಿಯಿರಿ.